ವಸಂತದಲ್ಲಿ ಸುಮ್ನೆ ಒಂದು ಸುತ್ತು ಸೈಕಲ್

ಸೈಕಲ್ ಬಗ್ಗೆ ಮಾತು ಎಂದ ಕೂಡಲೇ ಜನ ಮೂರು ಪ್ರಶ್ನೆ ಕೇಳುತ್ತಾರೆ. ದಿನಕ್ಕೆ ಎಷ್ಟು ಕಿಲೋಮೀಟರ್? ಎಷ್ಟು ಸ್ಪೀಡು? ತೂಕ ಇಳೀತಾ? ಇವತ್ತು ಈ ಮೂರನ್ನೂ ಪಕ್ಕಕ್ಕಿಡೋಣ. ರೇಸಿಗೆ ಹೋಗುವವರಿಗೆ, ವ್ಯಾಯಾಮಕ್ಕೆಂದೇ ತುಳಿಯುವವರಿಗೆ ಹೇಳಿಕೊಡುವ ಜನ ಬೇಕಾದಷ್ಟಿದ್ದಾರೆ. ನಾನು ಮಾತಾಡಬೇಕೆಂದಿರುವುದು ಸುಮ್ನೆ ಹೋಗಿಬರುವವರ ಬಗ್ಗೆ. ಮನೆಯಿಂದ ಹೊರಟು, ಊರು ದಾಟಿ, ಹೊಲಗಳ ನಡುವೆ ಒಂದು ಸುತ್ತು ಹಾಕಿ ವಾಪಸ್ ಬರುವುದು. ಯಾವ ಕೆಲಸವೂ ಇಲ್ಲ, ಯಾರನ್ನೂ ನೋಡಬೇಕಿಲ್ಲ. ಅರ್ಧ ಗಂಟೆಯೋ ಒಂದು ಗಂಟೆಯೋ, ಅಷ್ಟೇ.

ನನ್ನ ವಾದ ಚಿಕ್ಕದು. ವಸಂತದ ದಿನಗಳಲ್ಲಿ ಹತ್ತಾರು ಹೊಸ ದಾರಿ ಹುಡುಕಲು ಹೋಗಬೇಡಿ. ಒಂದು ದಾರಿ ಆರಿಸಿಕೊಳ್ಳಿ. ಅದರಲ್ಲೇ ನಿಧಾನವಾಗಿ, ಸಾಧ್ಯವಾದಷ್ಟು ದಿನ ಹೋಗಿ.

ಮುಂದಿನ ಸಾಲಿನಲ್ಲಿ ಕೂತಿರುವ ಇಬ್ಬರು ಮುಖ ಮುಖ ನೋಡಿಕೊಂಡಿರಿ. ಬೇಜಾರಾಗಲ್ವಾ ಅಂತ ತಾನೇ? ಅಲ್ಲಿಗೇ ಬರುತ್ತೇನೆ. ಅದಕ್ಕೆ ಮೊದಲು ವೇಗದ ಒಂದು ಲೆಕ್ಕ ನೋಡೋಣ.

ದಾರಿಯ ಪಕ್ಕ ನೂರು ಮೀಟರ್ ಉದ್ದದ ಒಂದು ಹೊಲ ಇದೆ ಅಂದುಕೊಳ್ಳಿ. ಗಂಟೆಗೆ 60 ಕಿಲೋಮೀಟರ್ ವೇಗದ ಕಾರು ಅದನ್ನು 6 ಸೆಕೆಂಡಿನಲ್ಲಿ ದಾಟುತ್ತದೆ. ಗಂಟೆಗೆ 5 ಕಿಲೋಮೀಟರ್ ನಡೆಯುವವರಿಗೆ 72 ಸೆಕೆಂಡ್ ಬೇಕು. ಗಂಟೆಗೆ 15ರಂತೆ ಸೈಕಲ್ ತುಳಿದರೆ 24 ಸೆಕೆಂಡ್. ಆರು ಸೆಕೆಂಡಿನಲ್ಲಿ ಕಾಣುವುದು ಏನೋ ಹಳದಿ ಬಣ್ಣ, ಅಷ್ಟೇ. ಇಪ್ಪತ್ತನಾಲ್ಕು ಸೆಕೆಂಡಿನಲ್ಲಿ ಅದು ಯಾವ ಹೂವು, ಅದರ ಮೇಲೆ ಜೇನು ಇದೆಯೋ ಇಲ್ಲವೋ, ಹೊಲದ ಆ ಮೂಲೆಯಲ್ಲಿ ಕಳೆ ಕೀಳುತ್ತಿರುವವರು ಎಷ್ಟು ಜನ, ನೀರು ಯಾವ ಸಾಲಿಗೆ ತಲುಪಿದೆ, ಎಲ್ಲ ಕಾಣುತ್ತದೆ. ಇನ್ನೊಂದು ಅನುಕೂಲವೂ ಇದೆ. ಸೈಕಲ್ ಮೇಲೆ ಕೂತವರ ಕಣ್ಣು ಕಾರಿನಲ್ಲಿ ಕೂತವರಿಗಿಂತ ಎತ್ತರದಲ್ಲಿರುತ್ತದೆ. ಬೇಲಿಯ ಆಚೆಗೂ ನೋಟ ಹೋಗುತ್ತದೆ.

ನಡೆಯುವವರಿಗೆ ಇನ್ನೂ ಜಾಸ್ತಿ ಕಾಣುತ್ತದಲ್ಲ ಎಂದು ನೀವು ಕೇಳಬಹುದು. ನಿಜ, ಕಾಣುತ್ತದೆ. ಆದರೆ ಒಂದು ಗಂಟೆ ಇದ್ದರೆ ನಡೆಯುವವರು ಹೋಗಿ ವಾಪಸ್ ಬರಬಹುದಾದ ದೂರ ಎರಡೂವರೆ ಕಿಲೋಮೀಟರ್. ಎಷ್ಟೋ ಊರುಗಳಲ್ಲಿ ಅಷ್ಟರೊಳಗೆ ಊರೇ ಮುಗಿದಿರುವುದಿಲ್ಲ. ಸೈಕಲ್ಲಿನಲ್ಲಿ ಏಳು ಕಿಲೋಮೀಟರ್ ಆಚೆಗೆ ಹೋಗಿ ಬರಬಹುದು. ಏಳು ಕಿಲೋಮೀಟರಿನಲ್ಲಿ ಮನೆಗಳು ಮುಗಿಯುತ್ತವೆ, ಹೊಲ ಬರುತ್ತದೆ, ಹಳ್ಳವೋ ಕೆರೆಯೋ ಸಿಗುತ್ತದೆ, ಒಂದು ದಿಣ್ಣೆಯನ್ನಾದರೂ ಹತ್ತಿಳಿಯುತ್ತೀರಿ.

ಏಳು ಕಿಲೋಮೀಟರ್ ಅಂದಾಗ ಒಂದು ಹಳೆಯ ವಿಷಯ ನೆನಪಾಗುತ್ತದೆ. ಸ್ವಲ್ಪ ಪಕ್ಕದ ದಾರಿಗೆ ಹೋಗಿ ಬರುತ್ತೇನೆ. 1817ರ ಜೂನ್ 12ರಂದು ಜರ್ಮನಿಯ ಮಾನ್‌ಹೈಮ್‌ನಲ್ಲಿ ಕಾರ್ಲ್ ಡ್ರೈಸ್ ಎಂಬವರು ತಾವೇ ಮಾಡಿದ ಎರಡು ಚಕ್ರದ ಮರದ ಗಾಡಿ ಹತ್ತಿ ಹೊರಟರು. ಪೆಡಲ್ ಇಲ್ಲ, ಚೈನ್ ಇಲ್ಲ. ಕಾಲಿನಿಂದ ನೆಲ ಒದ್ದು ಒದ್ದು ಮುಂದೆ ಹೋಗಬೇಕು. ಊರಿನಿಂದ ಸುಮಾರು ಏಳು ಕಿಲೋಮೀಟರ್ ಆಚೆಗೆ ಹೋಗಿ, ತಿರುಗಿಸಿಕೊಂಡು, ಒಂದು ಗಂಟೆಯ ಒಳಗೆ ವಾಪಸ್ ಬಂದರು. ಸೈಕಲ್ಲಿನ ಚರಿತ್ರೆ ಬರೆಯುವವರು ಶುರು ಮಾಡುವುದೇ ಈ ಸವಾರಿಯಿಂದ. ನೋಡಿ, ಅವತ್ತು ಅವರು ಇನ್ನೊಂದು ಊರಿಗೆ ಸರಕು ಒಯ್ಯಲಿಲ್ಲ, ಯಾರ ಜೊತೆಗೂ ಪಂದ್ಯ ಕಟ್ಟಲಿಲ್ಲ. ಒಳ್ಳೆಯ ದಾರಿ ನೋಡಿ ಹೊರಟರು, ಹೋಗಿ ಬಂದರು. ನಾವು ಸಂಜೆ ಮಾಡುವುದೂ ಅದನ್ನೇ.

ಪೆಡಲ್ಲು 1860ರ ದಶಕದಲ್ಲಿ ಬಂತು. ಒಂದೇ ಅಳತೆಯ ಎರಡು ಚಕ್ರ, ಹಿಂದಿನ ಚಕ್ರಕ್ಕೆ ಚೈನು, ಈ ರೂಪವನ್ನು ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ಗೆಲ್ಲಿಸಿದರು. 1888ರಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದರು. ಅವರು ದನದ ಡಾಕ್ಟರು. ಮಗನ ಮೂರು ಚಕ್ರದ ಸೈಕಲ್ ಕುಲುಕುವುದನ್ನು ತಪ್ಪಿಸಲು ಮಾಡಿದ್ದು ಅದು. ರಾಬರ್ಟ್ ಥಾಮ್ಸನ್ 1845ರಷ್ಟು ಹಿಂದೆಯೇ ಇಂಥದ್ದೇ ಟೈರಿಗೆ ಪೇಟೆಂಟ್ ಪಡೆದಿದ್ದರು, ಆದರೆ ಅದನ್ನು ಹಾಕಲು ಆಗ ಪೆಡಲ್ ಇರುವ ಸೈಕಲ್ಲೇ ಇನ್ನೂ ಬಂದಿರಲಿಲ್ಲ! ಅಂತೂ 1890ರ ಹೊತ್ತಿಗೆ ನಾವು ಇವತ್ತು ತುಳಿಯುವ ಸೈಕಲ್ ಹೆಚ್ಚುಕಮ್ಮಿ ಸಿದ್ಧವಾಗಿತ್ತು. ಆಮೇಲೆ ಬಂದಿರುವುದೆಲ್ಲ ತಿದ್ದುಪಡಿ. ನಿಮ್ಮ ಮನೆಯ ಮೂಲೆಯಲ್ಲಿ ಧೂಳು ತಿನ್ನುತ್ತಿರುವ ಹಳೆಯ ಸೈಕಲ್ ಇದಕ್ಕೆ ಸಾಕೇ ಸಾಕು ಎಂದು ಹೇಳುವುದಕ್ಕೆ ಇಷ್ಟು ಸುತ್ತಬೇಕಾಯಿತು.

ಸರಿ, ನಿಧಾನಕ್ಕೆ ಬರೋಣ. ನಿಧಾನ ಹೋಗಿ ಎಂದು ನಾನು ಹೇಳುವುದು ಬರೀ ನೋಟಕ್ಕೋಸ್ಕರ ಅಲ್ಲ. ಗಾಳಿಯ ಲೆಕ್ಕವೂ ಅದನ್ನೇ ಹೇಳುತ್ತದೆ. ಸಮತಟ್ಟು ದಾರಿಯಲ್ಲಿ ನಾವು ಎದುರಿಸುವುದು ಮುಖ್ಯವಾಗಿ ಎರಡನ್ನು. ಒಂದು ಟೈರು ನೆಲದ ಮೇಲೆ ಉರುಳುವಾಗಿನ ತಡೆ, ಇನ್ನೊಂದು ಗಾಳಿ. ಮೊದಲನೆಯದಕ್ಕೆ ವೇಗ ಎರಡರಷ್ಟಾದರೆ ಶಕ್ತಿಯೂ ಎರಡರಷ್ಟು ಬೇಕು. ಗಾಳಿ ಹಾಗಲ್ಲ. ವೇಗ ಎರಡರಷ್ಟಾದರೆ ಗಾಳಿಯನ್ನು ಸೀಳಲು ಬೇಕಾದ ಶಕ್ತಿ ಎಂಟರಷ್ಟಾಗುತ್ತದೆ. ಗಂಟೆಗೆ 15 ಕಿಲೋಮೀಟರ್ ಹೋಗುವಾಗ ನೀವು ಪಡುವ ಶ್ರಮ ಚುರುಕಾಗಿ ನಡೆಯುವವರ ಶ್ರಮದ ಆಸುಪಾಸಿನಲ್ಲಿರುತ್ತದೆ, ಆದರೆ ಸಾಗುವ ದೂರ ಮೂರು ಪಟ್ಟು. ಮೂವತ್ತಕ್ಕೆ ಏರಿಸಲು ಹೋದರೆ ನಿಮ್ಮ ಕಸುವೆಲ್ಲ ಗಾಳಿಯ ಪಾಲು. ಜೊತೆಗೆ ಕಿವಿಯಲ್ಲಿ ಗಾಳಿ ಬುಸುಗುಟ್ಟಲು ಶುರುವಾಗುತ್ತದೆ, ಹಕ್ಕಿಯ ದನಿ ಕೇಳಿಸುವುದಿಲ್ಲ. ಏದುಸಿರು ಬಿಡುತ್ತಾ ಹೋಗುವವರ ಕಣ್ಣು ಮುಂದಿನ ಹತ್ತು ಮೀಟರ್ ದಾರಿಯ ಮೇಲೆ ಮಾತ್ರ ಇರುತ್ತದೆ, ಅಲ್ವಾ?

ಫ್ರಾನ್ಸಿನಲ್ಲಿ ಪಾಲ್ ದ ವಿವಿ ಎಂಬವರಿದ್ದರು. 1853ರಿಂದ 1930ರವರೆಗೆ ಬದುಕಿದ್ದರು. ವೆಲೋಸಿಯೋ ಎಂಬ ಹೆಸರಿನಲ್ಲಿ ಸೈಕಲ್ ಬಗ್ಗೆ ಬರೆಯುತ್ತಿದ್ದರು. ಗೇರು ಇರುವ ಸೈಕಲ್ಲಿನ ಪರವಾಗಿ ಅವರು ಜೀವನವಿಡೀ ವಾದಿಸಿದರು. ಗೇರು ಮುದುಕರಿಗೆ, ಕೈಲಾಗದವರಿಗೆ ಎಂದು ರೇಸಿನವರು ನಗುತ್ತಿದ್ದ ಕಾಲ ಅದು. ಟೂರ್ ದ ಫ್ರಾನ್ಸ್ ರೇಸಿನಲ್ಲಿ ಸ್ಪರ್ಧಿಗಳಿಗೆ ಡಿರೇಲರ್ ಗೇರು, ಅಂದರೆ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಗೇರು, ಬಳಸಲು ಬಿಟ್ಟದ್ದು 1937ರಲ್ಲಿ, ಅವರು ತೀರಿಕೊಂಡು ಏಳು ವರ್ಷವಾದ ಮೇಲೆ. ಸವಾರರಿಗೆ ಅವರು ಏಳು ಕಟ್ಟಳೆ ಹಾಕಿಕೊಟ್ಟಿದ್ದರು. ಹಸಿವಾಗುವ ಮೊದಲೇ ತಿನ್ನಿ, ಬಾಯಾರುವ ಮೊದಲೇ ಕುಡಿಯಿರಿ ಎಂಬುವು ಎಲ್ಲರಿಗೂ ಗೊತ್ತು. ಕೊನೆಯದು ನನಗೆ ಇಷ್ಟ: ಜಂಭಕ್ಕಾಗಿ ತುಳಿಯಬೇಡಿ. ಯಾರೋ ನಿಮ್ಮನ್ನು ದಾಟಿ ಮುಂದೆ ಹೋದರೆ ಹೋಗಲಿ ಬಿಡಿ. ದಿಣ್ಣೆ ಜಾಸ್ತಿ ಆಯಿತೋ, ಇಳಿದು ತಳ್ಳಿಕೊಂಡು ಹೋಗಿ. ತಳ್ಳುವಾಗ ದಾರಿಯಂಚಿನ ಗಿಡಗಳನ್ನು ನೋಡಲು ಇನ್ನೂ ಚೆನ್ನ.

ಈಗ ಆ ಬೇಜಾರಿನ ಪ್ರಶ್ನೆ. ದಿನಾ ಅದೇ ದಾರಿ ಯಾಕೆ?

ಯಾಕೆಂದರೆ ವಸಂತ ಒಂದು ಜಾಗದಲ್ಲಿ ಇಟ್ಟು ತೋರಿಸುವಂಥದ್ದಲ್ಲ. ಅದು ಬದಲಾವಣೆ. ನಿನ್ನೆ ಹೇಗಿತ್ತು ಎಂದು ಗೊತ್ತಿದ್ದವರಿಗೆ ಮಾತ್ರ ಇವತ್ತಿನದು ಕಾಣುತ್ತದೆ. ಹೊಸ ದಾರಿಯಲ್ಲಿ ಒಂದು ಮರ ತುಂಬ ಚಿಗುರಿದ್ದರೆ, ಚಿಗುರಿದ ಮರ ಎಂದುಕೊಂಡು ಮುಂದೆ ಹೋಗುತ್ತೀರಿ. ಗೊತ್ತಿರುವ ದಾರಿಯಲ್ಲಾದರೆ, ಅರೆ, ಮೊನ್ನೆ ಇದು ಬೋಳಾಗಿತ್ತಲ್ಲ ಎಂದು ಬ್ರೇಕ್ ಹಿಡಿಯುತ್ತೀರಿ.

ಹಕ್ಕಿಗಳನ್ನೇ ನೋಡಿ. ವಸಂತದಲ್ಲಿ ಸೂರ್ಯ ಮೂಡುವ ಮೊದಲೇ ಹಾಡು ಶುರುವಾಗುತ್ತದೆ. ಆ ಹೊತ್ತಿನಲ್ಲಿ ಬೆಳಕು ಕಡಿಮೆ, ಹುಳು ಹುಡುಕುವುದು ಕಷ್ಟ. ಗಾಳಿ ನಿಂತಿರುತ್ತದೆ, ದನಿ ದೂರ ಹೋಗುತ್ತದೆ. ಆ ಹೊತ್ತೇ ಯಾಕೆ ಎನ್ನುವುದಕ್ಕೆ ಹಕ್ಕಿ ತಜ್ಞರು ಕೊಡುವ ವಿವರಣೆಗಳಲ್ಲಿ ಇವೂ ಸೇರಿವೆ. ಬಹಳಷ್ಟು ಜಾತಿಗಳಲ್ಲಿ ಹಾಡುವುದು ಗಂಡು. ಒಂದು, ಹೆಣ್ಣನ್ನು ಕರೆಯುವುದಕ್ಕೆ. ಇನ್ನೊಂದು, ಇದು ನನ್ನ ಜಾಗ, ಬೇರೆ ಗಂಡು ಕಾಲಿಡಬಾರದು ಎಂದು ಸಾರುವುದಕ್ಕೆ. ಜಾಗ ಅದರದ್ದು ಅಂದಮೇಲೆ ಏನಾಗುತ್ತದೆ? ಅದೇ ಹಕ್ಕಿ ನಾಳೆಯೂ ಅದೇ ತಂತಿಯ ಮೇಲೆ, ಅದೇ ಕೊಂಬೆಯ ಮೇಲೆ ಕೂತಿರುತ್ತದೆ. ಕೆಲವು ದಿನ ಹೋದರೆ ಮೋರಿ ಹತ್ತಿರ ಒಬ್ಬ, ತಿರುವಿನ ಮರದಲ್ಲಿ ಒಬ್ಬ, ಹೀಗೆ ಪರಿಚಯ ಆಗಿಬಿಡುತ್ತದೆ. ಒಂದು ಬೆಳಿಗ್ಗೆ ಮೋರಿಯವನ ಹಾಡು ಇದ್ದಕ್ಕಿದ್ದಂತೆ ಕಮ್ಮಿಯಾಗಿರುತ್ತದೆ. ಜೋಡಿ ಸಿಕ್ಕ ಮೇಲೆ ಹಾಡು ಕಡಿಮೆ ಮಾಡುವ ಹಕ್ಕಿಗಳು ಬಹಳ. ಹೊಸ ದಾರಿಯಲ್ಲಿ ಹೋಗುವವರಿಗೆ ಈ ಸುದ್ದಿ ಸಿಗುವುದೇ ಇಲ್ಲ.

ಜೇನಿನದೂ ಹಾಗೆಯೇ. ಒಂದು ಜೇನುಹುಳ ಒಮ್ಮೆ ಹೊರಟರೆ ಸಾಮಾನ್ಯವಾಗಿ ಒಂದೇ ಜಾತಿಯ ಹೂವಿಗೆ ಅಂಟಿಕೊಳ್ಳುತ್ತದೆ. ಇದನ್ನು ಎರಡು ಸಾವಿರ ವರ್ಷಕ್ಕೂ ಹಿಂದೆ ಅರಿಸ್ಟಾಟಲ್ ಗಮನಿಸಿದ್ದರು. ಹೂಬಿಟ್ಟ ಮರದ ಕೆಳಗೆ ಸೈಕಲ್ ನಿಲ್ಲಿಸಿ ಒಂದು ನಿಮಿಷ ಮೇಲೆ ನೋಡಿ. ಗುಂಯ್‌ಗುಡುವ ಮರದ ಪಕ್ಕದಲ್ಲೇ ಇನ್ನೊಂದು ಜಾತಿಯ ಮರ ಸದ್ದಿಲ್ಲದೆ ನಿಂತಿರಬಹುದು. ವಾರ ಕಳೆದರೆ ಸರದಿ ಬದಲಾಗುತ್ತದೆ. ಅಂದಹಾಗೆ, ಇಂಥ ಮರದ ಕೆಳಗೆ ಇಳಿಜಾರು ಇದ್ದರೆ ಬಾಯಿ ಮುಚ್ಚಿಕೊಂಡು ಹೋಗಿ. ಕಣ್ಣಿಗೆ ಸಾದಾ ಕನ್ನಡಕ ಒಂದಿರಲಿ.

ಇಲ್ಲಿ ಒಬ್ಬರು ಎದ್ದು ಒಂದು ಒಳ್ಳೆಯ ಪ್ರಶ್ನೆ ಕೇಳಿದರು. ವಸಂತ ಅಂದರೆ ಹಸಿರು, ತಂಪು ಎನ್ನುತ್ತೀರಿ. ಬಿಸಿಲಿನ ನಾಡಿನಲ್ಲಿ ಆ ಹೊತ್ತಿಗೆ ನೆಲವೆಲ್ಲ ಒಣಗಿರುತ್ತದೆ, ನೋಡಲು ಏನಿದೆ ಎಂದು.

ತಂಪು ದೇಶ, ಬಿಸಿ ದೇಶ ಎರಡರಲ್ಲೂ ವಸಂತ ಬರುತ್ತದೆ, ಬರುವ ಕಾರಣ ಬೇರೆ. ಚಳಿ ದೇಶದ ಎಷ್ಟೋ ಮರಗಳ ಮೊಗ್ಗಿಗೆ ಮೊದಲು ಸಾಕಷ್ಟು ಚಳಿ ತಾಗಬೇಕು, ಆಮೇಲೆ ಸಾಕಷ್ಟು ಬಿಸುಪು ಕೂಡಿಬರಬೇಕು. ಎರಡೂ ಆದ ಮೇಲೆ ಒಡೆಯುತ್ತದೆ. ಮಳೆಗಾಲ, ಒಣಗಾಲ ಎಂದು ಎರಡಿರುವ ಬಿಸಿ ನಾಡಿನಲ್ಲಿ ಇನ್ನೂ ವಿಚಿತ್ರ. ಒಣಗಾಲದಲ್ಲಿ ಎಲೆ ಉದುರಿಸಿದ ಮರಗಳಲ್ಲಿ ಹಲವು, ಮಳೆ ಬರುವುದಕ್ಕೆ ವಾರಗಳ ಮೊದಲೇ, ಸುಡುಬಿಸಿಲಿನಲ್ಲೇ ಚಿಗುರುತ್ತವೆ. ಬೇರು ಮುಟ್ಟುವ ಆಳದಲ್ಲಿ ಉಳಿದ ನೀರು, ಕಾಂಡದಲ್ಲಿ ಕೂಡಿಟ್ಟ ನೀರು ಅದಕ್ಕೆ ಆಧಾರ. ಹಗಲು ಉದ್ದವಾಗುವುದೇ ಕೆಲವಕ್ಕೆ ಸೂಚನೆ. ಮಳೆ ಬೀಳುವ ಹೊತ್ತಿಗೆ ಎಲೆ ಬಲಿತು ಸಿದ್ಧವಾಗಿರುತ್ತದೆ. ಒಣಗಿದ ನೆಲದ ನಡುವೆ ಒಂದು ಮರ ಕೆಂಪಗೆ ಚಿಗುರಿ ನಿಂತಿರುವುದನ್ನು ನೀವು ನೋಡಿಯೇ ಇರುತ್ತೀರಿ. ಎಳೆ ಎಲೆಯ ಆ ಕೆಂಪು ಆಂಥೋಸಯನಿನ್ ಎಂಬ ಬಣ್ಣದ್ದು. ಹಸಿರು ಇನ್ನೂ ಪೂರ್ತಿ ಕೂಡದ ಎಲೆಗೆ ಬಿಸಿಲಿನಿಂದ ಅದು ರಕ್ಷಣೆ ಎಂಬುದು ಒಂದು ವಿವರಣೆ. ಕೆಂಪು, ತಾಮ್ರದ ಬಣ್ಣ, ಎಳೆ ಹಸಿರು, ಗಟ್ಟಿ ಹಸಿರು. ಒಂದು ಮರ ಈ ಮೆಟ್ಟಿಲು ಹತ್ತುವುದನ್ನು ಕೆಲವೇ ದಿನಗಳಲ್ಲಿ ನೋಡಿ ಮುಗಿಸಬಹುದು. ಎಲೆಯೇ ಇಲ್ಲದೆ ಬರಿಗೊಂಬೆಯ ಮೇಲೆ ಹೂ ಬಿಡುವ ಮರಗಳೂ ಇವೆ. ಅಡ್ಡ ಬರಲು ಎಲೆ ಇಲ್ಲ, ಹಕ್ಕಿಗೂ ಜೇನಿಗೂ ದೂರದಿಂದಲೇ ಕಾಣುತ್ತದೆ. ನಮಗೂ ಕಾಣುತ್ತದೆ.

ಬಿಸಿಲಿನ ಕಡೆಯವರು ಮಾಡಬೇಕಾದದ್ದು ಇಷ್ಟೇ, ಬೆಳಿಗ್ಗೆ ಬೇಗ ಹೊರಡುವುದು. ಬೆಳಗಿನ ಹೊತ್ತಿಗೆ ಇನ್ನೊಂದು ಲಾಭವಿದೆ, ಗಾಳಿ ಕಡಿಮೆ. ಬಿಸಿಲೇರಿದ ಮೇಲೆ ನೆಲ ಕಾದು, ಕೆಳಗಿನ ಗಾಳಿ ಮೇಲಕ್ಕೆ ಹೋಗಿ, ಮೇಲೆ ಜೋರಾಗಿ ಬೀಸುವ ಗಾಳಿ ಕೆಳಗಿಳಿದು ಬೆರೆಯುತ್ತದೆ. ಮಧ್ಯಾಹ್ನದ ಗಾಳಿ ಜೋರಾಗುವುದಕ್ಕೆ ಇದು ಮುಖ್ಯ ಕಾರಣ. ಸಂಜೆಯೇ ಹೋಗಬೇಕಾದರೆ ಮೊದಲು ಎದುರುಗಾಳಿಗೆ ಮುಖ ಮಾಡಿ ಹೊರಡಿ. ದಣಿವಾಗುವ ಹೊತ್ತಿಗೆ ಗಾಳಿಯೇ ಬೆನ್ನು ತಳ್ಳಿ ಮನೆ ಮುಟ್ಟಿಸುತ್ತದೆ.

ನಸುಕಿನಲ್ಲಿ ಹೋದವರಿಗೆ ಮಾತ್ರ ಸಿಗುವ ಒಂದು ಅನುಭವ ಇದೆ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿ ನೆಲ ತನ್ನ ಶಾಖ ಕಳೆದುಕೊಳ್ಳುತ್ತದೆ. ಅದಕ್ಕೆ ತಾಗಿದ ಗಾಳಿ ತಣ್ಣಗಾಗಿ, ಭಾರವಾಗಿ, ನೀರಿನ ಹಾಗೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ದಾರಿ ಹಳ್ಳಕ್ಕೆ ಇಳಿಯುವಾಗ ತೋಳಿನ ರೋಮ ಎದ್ದು ನಿಲ್ಲುತ್ತದೆ. ಆಚೆ ದಡ ಹತ್ತಿದರೆ ಮತ್ತೆ ಬೆಚ್ಚಗೆ. ಕಣ್ಣು ಮುಚ್ಚಿದರೂ ದಾರಿಯ ಏರಿಳಿತ ಹೇಳಬಹುದು. ಮುಚ್ಚಬೇಡಿ ಮತ್ತೆ!

ದಿಣ್ಣೆಯ ವಿಷಯ ಬಂದಿದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಆಂಡ್ರ್ಯೂ ಹಾಪ್ಕಿನ್ಸ್ ಎಂಬ ಕೀಟತಜ್ಞರಿದ್ದರು. ಅವರು 1918ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ಆ ಖಂಡದ ಸಮಶೀತೋಷ್ಣ ಭಾಗದಲ್ಲಿ 400 ಅಡಿ ಎತ್ತರಕ್ಕೆ ಹೋದರೆ ವಸಂತ ನಾಲ್ಕು ದಿನ ತಡ, ಒಂದು ಅಕ್ಷಾಂಶ ಉತ್ತರಕ್ಕೆ ಹೋದರೂ ನಾಲ್ಕು ದಿನ ತಡ. ಇದು ಎಲ್ಲ ಕಡೆ, ಎಲ್ಲ ವರ್ಷ ಕರಾರುವಾಕ್ಕಾಗಿ ನಡೆಯುವ ಲೆಕ್ಕ ಅಲ್ಲ. ಬೆಟ್ಟದ ಯಾವ ಮಗ್ಗುಲು, ಬಿಸಿಲು ಎಷ್ಟು ಬೀಳುತ್ತದೆ ಎನ್ನುವುದರ ಮೇಲೆ ವ್ಯತ್ಯಾಸ ಆಗುತ್ತದೆ. ಆದರೂ ಸೈಕಲ್ ಸವಾರರಿಗೆ ಎಂಥ ಚಂದದ ವಿಷಯ ನೋಡಿ. ಚಳಿ ನಾಡಿನಲ್ಲಿ 400 ಅಡಿಯ ಗುಡ್ಡ ಹತ್ತಿದರೆ, ಕೆಳಗೆ ಉದುರಿ ಮುಗಿದ ಹೂವು ಮೇಲೆ ಇನ್ನೂ ಮರದಲ್ಲಿರುತ್ತದೆ. ತಪ್ಪಿಹೋದ ನಾಲ್ಕು ದಿನ ವಾಪಸ್ ಸಿಗುತ್ತವೆ.

ಒಂದೇ ಜಾಗವನ್ನು ನೋಡುತ್ತಾ ಕೂರುವುದರಲ್ಲಿ ಪ್ರಯೋಜನ ಏನು ಎಂದು ಇನ್ನೂ ಅನುಮಾನ ಇರುವವರಿಗೆ ರಾಬರ್ಟ್ ಮಾರ್ಷಮ್ ಅವರ ವಿಷಯ ಹೇಳಬೇಕು. ಇಂಗ್ಲೆಂಡಿನ ನಾರ್ಫಕ್‌ನಲ್ಲಿ ಜಮೀನು ಇದ್ದವರು. 1736ರಲ್ಲಿ ತಮ್ಮ ಸುತ್ತಮುತ್ತ ವಸಂತದ ಗುರುತುಗಳನ್ನು ಬರೆದಿಡಲು ಶುರು ಮಾಡಿದರು. ಮೊದಲ ಹೂವು ಯಾವತ್ತು, ಯಾವ ಮರ ಯಾವತ್ತು ಎಲೆ ಬಿಟ್ಟಿತು, ಮೊದಲ ಕೋಗಿಲೆ ಯಾವತ್ತು ಕೂಗಿತು, ಕಪ್ಪೆ ಯಾವತ್ತು ವಟಗುಟ್ಟಿತು. ಅವರು ಹೋದ ಮೇಲೆ ಮಕ್ಕಳು, ಮೊಮ್ಮಕ್ಕಳು, ಅವರ ಮಕ್ಕಳು ಬರೆದರು. 1958ರವರೆಗೆ ಆ ಮನೆತನ ಇದನ್ನು ಬಿಡಲಿಲ್ಲ. ಹವಾಮಾನ ಬದಲಾವಣೆಯನ್ನು ಅಧ್ಯಯನ ಮಾಡುವವರು ಇವತ್ತು ಆ ದಾಖಲೆಗಳನ್ನು ಹುಡುಕಿಕೊಂಡು ಹೋಗುತ್ತಾರೆ. ಕಪ್ಪೆಯ ತಾರೀಕು ಬರೆದಿಟ್ಟಾಗ ಅವರಿಗೆ ಅದು ಗೊತ್ತಿತ್ತೇ? ಖುಷಿಗೆ ಬರೆದಿರಬೇಕು. ಮಾರ್ಷಮ್ ಅವರಿಗೆ ಸೈಕಲ್ ಇರಲಿಲ್ಲ ಪಾಪ, ಡ್ರೈಸ್ ಅವರ ಗಾಡಿ ಬರಲು ಇನ್ನೂ ಎಂಬತ್ತು ವರ್ಷ ಬೇಕಿತ್ತು.

ಸೈಕಲ್ಲಿನ ರಿಪೇರಿ ಬಗ್ಗೆ ಉದ್ದಕ್ಕೆ ಹೇಳುವುದಿಲ್ಲ. ತಿಂಗಳುಗಟ್ಟಲೆ ನಿಂತ ಸೈಕಲ್ಲಿನ ಟ್ಯೂಬಿನಿಂದ ಗಾಳಿ ತಾನಾಗೇ ಇಳಿದಿರುತ್ತದೆ. ಅದು ಪಂಕ್ಚರ್ ಅಲ್ಲ, ಹೆದರಬೇಡಿ. ಎಷ್ಟು ಗಾಳಿ ಬೇಕು ಎಂದು ಟೈರಿನ ಪಕ್ಕದಲ್ಲೇ ಬರೆದಿರುತ್ತದೆ. ಕಲ್ಲುಮಣ್ಣಿನ ದಾರಿಯಾದರೆ ಆ ಮಿತಿಯೊಳಗೇ ಸ್ವಲ್ಪ ಕಡಿಮೆ ತುಂಬಿ, ಕುಲುಕುವುದು ಕಡಿಮೆಯಾಗುತ್ತದೆ. ಚೈನಿಗೆ ಎಣ್ಣೆ ಬಿಟ್ಟು, ಮೇಲಿನ ಎಣ್ಣೆ ಬಟ್ಟೆಯಲ್ಲಿ ಒರೆಸಿ, ಇಲ್ಲದಿದ್ದರೆ ಧೂಳೆಲ್ಲ ಅಲ್ಲೇ ಕೂರುತ್ತದೆ. ಎರಡೂ ಬ್ರೇಕ್ ಹಿಡಿಯುತ್ತವೆಯೇ ನೋಡಿ. ಸೀಟಿನ ಎತ್ತರ ಮಾತ್ರ ದಯವಿಟ್ಟು ಸರಿ ಮಾಡಿಕೊಳ್ಳಿ. ಮಂಡಿ ನೋವು ಎಂದು ಸೈಕಲ್ ಬಿಟ್ಟವರಲ್ಲಿ ಎಷ್ಟೋ ಜನ ಸೀಟು ತಗ್ಗಿಸಿಕೊಂಡು ತುಳಿದವರು. ಪೆಡಲ್ ಪೂರ್ತಿ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೇರ ಆಗಬೇಕು. ತುಳಿಯುವುದು ಪಾದದ ಮುಂಭಾಗದಿಂದ. ಆಗ ಮಂಡಿ ತಾನಾಗೇ ಸ್ವಲ್ಪ ಬಾಗಿರುತ್ತದೆ.

ನಾಯಿ ಅಟ್ಟಿಸಿಕೊಂಡು ಬಂದರೆ? ಈ ಪ್ರಶ್ನೆ ಬಂದೇ ಬರುತ್ತದೆ. ಬಹಳಷ್ಟು ನಾಯಿಗಳು ಓಡುವುದನ್ನು ಅಟ್ಟುತ್ತವೆ. ಸೈಕಲ್ ನಿಲ್ಲಿಸಿ, ಇಳಿದು, ನಿಮಗೂ ನಾಯಿಗೂ ನಡುವೆ ಸೈಕಲ್ ಇರುವಂತೆ ಹಿಡಿದು ಮೆಲ್ಲಗೆ ನಡೆಯಿರಿ. ಸಾಮಾನ್ಯವಾಗಿ ಅದಕ್ಕೆ ಆಸಕ್ತಿ ಹೋಗುತ್ತದೆ. ಒಂದೇ ದಾರಿಯ ಇನ್ನೊಂದು ಲಾಭ ಇಲ್ಲಿದೆ, ಕೆಲವು ದಿನ ಕಳೆದರೆ ನಾಯಿಗೂ ನಿಮ್ಮ ಗುರುತು ಸಿಗುತ್ತದೆ. ದನ ಕುರಿ ಎದುರು ಬಂದರೆ ಅಂಚಿಗೆ ನಿಂತು ದಾರಿ ಬಿಡಿ. ನಡೆಯುವವರ ಬೆನ್ನ ಹಿಂದೆ ಬಂದು ಬೆಲ್ ಹೊಡೆದು ಬೆಚ್ಚಿಬೀಳಿಸಬೇಡಿ, ದೂರದಿಂದಲೇ ಒಮ್ಮೆ ಹೊಡೆಯಿರಿ. ಫೋಟೋಗೆಂದು ಬೆಳೆ ತುಳಿದು ಹೊಲಕ್ಕೆ ಇಳಿಯುವವರ ಬಗ್ಗೆ ನನಗೆ ಹೇಳಲು ಇರುವುದು ಈ ಸಭೆಗೆ ತಕ್ಕ ಮಾತಲ್ಲ.

ಕೊನೆಗೆ ಒಬ್ಬರು ಬರೆದಿಡುವುದರ ಬಗ್ಗೆ ಕೇಳಿದರು. ಹೂವಿನ ಹೆಸರು, ಹಕ್ಕಿಯ ಹೆಸರು ಗೊತ್ತಿಲ್ಲ, ಏನಂತ ಬರೆಯೋದು?

ಹೆಸರು ಆಮೇಲೆ ಸಿಗುತ್ತದೆ. ತಾರೀಕು ಬರೆಯಿರಿ, ಜಾಗ ಬರೆಯಿರಿ. ಹೂವಿಗೆ ಎಷ್ಟು ಎಸಳು, ಎಲೆ ಕಡ್ಡಿಯ ಮೇಲೆ ಎದುರುಬದುರಾಗಿ ಇದೆಯೋ ಒಂದಾದ ಮೇಲೆ ಒಂದು ಇದೆಯೋ, ಹಿಸುಕಿದರೆ ವಾಸನೆ ಇದೆಯೋ. ಹಕ್ಕಿಯಾದರೆ ಎಷ್ಟು ದೊಡ್ಡದು, ಬಾಲ ಅಲ್ಲಾಡಿಸುತ್ತದೆಯೋ, ನೆಲದ ಮೇಲೆ ನಡೆಯುತ್ತದೆಯೋ ಕುಪ್ಪಳಿಸುತ್ತದೆಯೋ. ಇಷ್ಟಿದ್ದರೆ ತಿಳಿದವರು ಯಾರಾದರೂ ಹೆಸರು ಹೇಳುತ್ತಾರೆ. ಕಿಲೋಮೀಟರ್ ಬರೆಯುವ ಕಾಲಂ ಮಾತ್ರ ಹಾಕಿಕೊಳ್ಳಬೇಡಿ. ಅದೊಂದು ಇದ್ದರೆ ಉಳಿದ ಕಾಲಂಗಳು ಖಾಲಿ ಬೀಳುತ್ತವೆ.